ಆ ಕುರ್ಚಿಗೆ ಅರ್ಹತೆ ಏನು? ನಿಗಮದ ಅಧ್ಯಕ್ಷರಿಂದ ಕುಲಪತಿಯವರೆಗೆ ನೇಮಕ ನಡೆಯುವ ಬಗೆ

ಬೆಳಗಾವಿಯ ಸುವರ್ಣ ವಿಧಾನಸೌಧದಲ್ಲಿ ಚಳಿಗಾಲದ ಅಧಿವೇಶನ ಶುರುವಾದರೆ ಊರಿನ ಲಾಡ್ಜುಗಳು ತುಂಬಿಬಿಡುತ್ತವೆ. ಬಂದವರಲ್ಲಿ ಮನವಿ ಹಿಡಿದ ರೈತರಿರುತ್ತಾರೆ, ಧರಣಿ ಕೂರುವ ನೌಕರರಿರುತ್ತಾರೆ. ನಿಗಮವೋ ಮಂಡಳಿಯೋ ಪ್ರಾಧಿಕಾರವೋ ಒಂದು ಸಿಕ್ಕರೆ ಸಾಕೆಂದು ಮಂತ್ರಿಗಳ ಹಿಂದೆ ಅಡ್ಡಾಡುವವರೂ ಇರುತ್ತಾರೆ. ಪಟ್ಟಿ ಹೊರಬಿದ್ದ ಮರುದಿನವೇ ವೃತ್ತಗಳಲ್ಲಿ ಅಭಿನಂದನೆಯ ಫ್ಲೆಕ್ಸ್ ಏಳುತ್ತವೆ. ಚಹಾದಂಗಡಿಯಲ್ಲಿ ಆಗ ಕೇಳುವುದು ಎರಡೇ ಮಾತು. ಒಂದು, "ನಮ್ಮ ಭಾಗಕ್ಕ ಒಂದರ ಸಿಕ್ತು ನೋಡ್ರಿ." ಇನ್ನೊಂದು, "ಆ ಕೆಲಸದ ಬಗ್ಗೆ ಇವರಿಗೇನ ಗೊತ್ತೈತ್ರಿ?"

ಎರಡನೆಯ ಮಾತಿಗೆ ಒಂದೇ ಉತ್ತರವಿಲ್ಲ. ಕೆಲವು ಹುದ್ದೆಗಳಿಗೆ ಏನೂ ಗೊತ್ತಿರಬೇಕೆಂದು ಕಾನೂನು ಕೇಳುವುದೇ ಇಲ್ಲ. ಕೆಲವಕ್ಕೆ ಕೇಳುತ್ತದೆ, ಆದರೆ ಎಲ್ಲರನ್ನೂ ಒಳಗೆ ಬಿಡುವಷ್ಟು ಸಡಿಲ ಮಾತಿನಲ್ಲಿ. ಇನ್ನು ಕೆಲವಕ್ಕೆ ವರ್ಷ, ಅನುಭವ, ಆಯ್ಕೆಯ ವಿಧಾನ ಎಲ್ಲವನ್ನೂ ಬರೆದಿಟ್ಟಿದೆ. ಅಲ್ಲಿ ತಪ್ಪಿದರೆ ಕೋರ್ಟ್ ನೇಮಕವನ್ನೇ ತೆಗೆದುಹಾಕಿದೆ. ಯಾವ ಹುದ್ದೆ ಯಾವ ಗುಂಪಿನದು ಎಂಬುದು ಗೊತ್ತಾದರೆ ಪತ್ರಿಕೆಯ ಅರ್ಧ ಸುದ್ದಿ ತಾನಾಗಿ ಅರ್ಥವಾಗುತ್ತದೆ.

ಅರ್ಹತೆ, ಯೋಗ್ಯತೆ, ಸ್ವಾತಂತ್ರ್ಯ

ನಾವು ಮಾತಿನಲ್ಲಿ ಇವನ್ನೆಲ್ಲ ಒಟ್ಟಿಗೆ ಕಲಸಿಬಿಡುತ್ತೇವೆ. ಬಿಡಿಸಿ ನೋಡಲು ಕಬ್ಬಿನ ಹಂಗಾಮಿನಲ್ಲಿ ಕಾರ್ಖಾನೆಯ ಕಾಟಾದ ಮುಂದೆ ನಿಂತರೆ ಸಾಕು. ಕಾಟಾದಲ್ಲಿ ಕೂತವನಿಗೆ ತೂಕದ ಅಂಕಿ ಓದಿ ಚೀಟಿ ಬರೆಯಲು ಬರಬೇಕು, ಅದು ಅರ್ಹತೆ. ನಡುರಾತ್ರಿ ಟ್ರ್ಯಾಕ್ಟರ್‌ಗಳ ಸಾಲು ರಸ್ತೆಯವರೆಗೆ ಬೆಳೆದಾಗಲೂ ಗಡಿಬಿಡಿಯಾಗದೆ ತೂಗಬೇಕು, ಅದು ಯೋಗ್ಯತೆ. ಎರಡೂ ಇದ್ದರೂ ರೈತ ಅವನನ್ನು ಪೂರ್ತಿ ನಂಬುವುದಿಲ್ಲ. ಯಾಕೆಂದರೆ ಅವನ ಪಗಾರ ಕಾರ್ಖಾನೆಯವರ ಕೈಯಲ್ಲಿದೆ. ಮೂರನೆಯದಾದ ಸ್ವಾತಂತ್ರ್ಯದ ಪ್ರಶ್ನೆ ಹುಟ್ಟುವುದು ಇಲ್ಲೇ.

ಸರ್ಕಾರಿ ಹುದ್ದೆಗಳಲ್ಲೂ ಪ್ರಶ್ನೆಗಳು ಇವೇ ಮೂರು. ಕಾನೂನು ಹೇಳಿದ ಓದು, ಅನುಭವ, ವಯಸ್ಸು ಇದೆಯೇ? ಇದ್ದವರಲ್ಲಿ ಇವರೇ ಸರಿಯಾದವರೇ? ಕುರ್ಚಿ ಕೊಟ್ಟವರ ವಿರುದ್ಧವೂ ನಿರ್ಧಾರ ಮಾಡಬಲ್ಲರೇ? ನಮ್ಮ ಕಡೆ ವಶೀಲಿ ಎನ್ನುವುದು ಈ ಮೂರನ್ನೂ ಪಕ್ಕಕ್ಕಿಟ್ಟು, "ನಮ್ಮವನೇ ಹೌದೋ ಅಲ್ಲವೋ" ಎಂಬ ನಾಲ್ಕನೆಯ ಪ್ರಶ್ನೆಯ ಮೇಲೆ ಮಾಡುವ ನೇಮಕವನ್ನು. ಹಾಗೆಂದು ರಾಜಕೀಯ ನೇಮಕವೆಲ್ಲ ವಶೀಲಿಯಲ್ಲ. ಪಕ್ಷದವರಾಗಿದ್ದೂ ವಿಷಯ ಬಲ್ಲವರಿರುತ್ತಾರೆ. ಪದವಿಗಳ ಸಾಲೇ ಇದ್ದರೂ ಫೋನ್ ಬಂದ ಕೂಡಲೇ ಸಹಿ ಹಾಕುವವರೂ ಇರುತ್ತಾರೆ.

ಇದು ಹೊಸ ಜಗಳವೇನಲ್ಲ. ಈಸ್ಟ್ ಇಂಡಿಯಾ ಕಂಪನಿಯ ಕಾಲದಲ್ಲಿ ಸಿವಿಲ್ ಸೇವೆಯ ಹುದ್ದೆಗಳಿಗೆ ಹೆಸರು ಸೂಚಿಸುವ ಹಕ್ಕು ಕಂಪನಿಯ ನಿರ್ದೇಶಕರದ್ದಾಗಿತ್ತು. 1855ರಲ್ಲಿ ಆ ಜಾಗಕ್ಕೆ ಸ್ಪರ್ಧಾತ್ಮಕ ಪರೀಕ್ಷೆ ಬಂತು. ಅಮೆರಿಕದಲ್ಲಿ 1881ರಲ್ಲಿ, ಸರ್ಕಾರಿ ಹುದ್ದೆ ಸಿಗಲಿಲ್ಲವೆಂಬ ಸಿಟ್ಟಿನಲ್ಲಿದ್ದ ಒಬ್ಬ ಅಧ್ಯಕ್ಷ ಗಾರ್ಫೀಲ್ಡ್ ಅವರಿಗೆ ಗುಂಡು ಹೊಡೆದ. ಆಮೇಲೆ, 1883ರಲ್ಲಿ, ಪರೀಕ್ಷೆಯ ಮೇಲೆ ನೌಕರಿ ಕೊಡುವ ಪೆಂಡಲ್ಟನ್ ಕಾಯ್ದೆ ಬಂತು. ಆದರೆ ಎಲ್ಲ ಕಡೆಯೂ ಪರೀಕ್ಷೆ ಗಟ್ಟಿಯಾಗಿ ಕೂತದ್ದು ಕೆಳಗಿನ ಮತ್ತು ನಡುವಿನ ಹುದ್ದೆಗಳಲ್ಲಿ. ನಮ್ಮಲ್ಲಿ ಗ್ರಾಮ ಆಡಳಿತಾಧಿಕಾರಿಯಾಗಲು ಪರೀಕ್ಷೆ ಪಾಸಾಗಲೇಬೇಕು. ಕುರ್ಚಿ ಎತ್ತರವಾದಂತೆ ಪರೀಕ್ಷೆಯ ಜಾಗದಲ್ಲಿ ಯಾರದೋ ವಿವೇಚನೆ ಬಂದು ಕೂರುತ್ತದೆ.

ಏನೂ ಕೇಳದ ಹುದ್ದೆಗಳು

ಮಂತ್ರಿಯಾಗಲು ವಿದ್ಯಾರ್ಹತೆ ಇಲ್ಲ. ಸಂವಿಧಾನದ 164ನೇ ವಿಧಿಯಂತೆ, ಶಾಸಕರಲ್ಲದವರೂ ಮಂತ್ರಿಯಾಗಬಹುದು. ಆರು ತಿಂಗಳೊಳಗೆ ವಿಧಾನಸಭೆಗೋ ಪರಿಷತ್ತಿಗೋ ಆಯ್ಕೆಯಾಗಿ ಬರಬೇಕು, ಅಷ್ಟೇ. ಇದು ಬೇಕೆಂದೇ ಬಿಟ್ಟ ಜಾಗ. ಮಂತ್ರಿಯನ್ನು ಅಳೆಯಬೇಕಾದವರು ಮತದಾರರು ಮತ್ತು ಸದನ ಎಂಬುದು ಇದರ ಹಿಂದಿನ ಲೆಕ್ಕ.

ನಿಗಮ-ಮಂಡಳಿಗಳ ಕಥೆ ಬೇರೆ. ಅವುಗಳಿಗೆ ಇಷ್ಟು ಬೇಡಿಕೆ ಯಾಕೆಂದು ತಿಳಿಯಲು ಒಂದು ಸಣ್ಣ ಲೆಕ್ಕ ಮಾಡಬೇಕು. 2003ರ 91ನೇ ತಿದ್ದುಪಡಿಯ ಪ್ರಕಾರ ಮಂತ್ರಿಗಳ ಸಂಖ್ಯೆ ವಿಧಾನಸಭೆಯ ಬಲದ ಶೇ 15ನ್ನು ದಾಟುವಂತಿಲ್ಲ. ನಮ್ಮ ಸಭೆಯ ಬಲ 224. ಹಾಗಾಗಿ ಮುಖ್ಯಮಂತ್ರಿಯೂ ಸೇರಿ ಸಂಪುಟದಲ್ಲಿ 34 ಜನ. ಬಹುಮತಕ್ಕೆ ಬೇಕಾದ ಶಾಸಕರು 113. ಮಂತ್ರಿಯಾಗದೆ ಉಳಿದವರನ್ನು ಸಮಾಧಾನ ಮಾಡಬೇಕಲ್ಲ? 2020ರಲ್ಲಿ ಬಿಜೆಪಿ ಸರ್ಕಾರ ಇಪ್ಪತ್ತಕ್ಕೂ ಹೆಚ್ಚು ಶಾಸಕರಿಗೆ ನಿಗಮ-ಮಂಡಳಿಗಳನ್ನು ಹಂಚಿತು. 2024ರ ಜನವರಿಯಲ್ಲಿ ಕಾಂಗ್ರೆಸ್ ಸರ್ಕಾರ ಮೂವತ್ತಕ್ಕೂ ಹೆಚ್ಚು ಶಾಸಕರಿಗೆ ಹಂಚಿತು. ಪಕ್ಷದ ಕಾರ್ಯಕರ್ತರ ಪಟ್ಟಿ ಅದರ ಬೆನ್ನಿಗೇ ಬಂತು. ಈ ವಿಷಯದಲ್ಲಿ ಪಕ್ಷ ಬದಲಾದರೂ ರೂಢಿ ಬದಲಾಗಿಲ್ಲ.

ಇಲ್ಲಿ ಕಾನೂನು ಮುರಿದಿದ್ದಾರೆಯೇ? ಹೆಚ್ಚಿನ ಸಲ ಇಲ್ಲ. ಬಹಳಷ್ಟು ನಿಗಮಗಳು ಕಂಪನಿ ಕಾಯ್ದೆಯಡಿ ನೋಂದಣಿಯಾದವು. ಅಧ್ಯಕ್ಷರನ್ನು ನೇಮಿಸುವ ಅಧಿಕಾರ ಅವುಗಳ ನಿಯಮಾವಳಿಯಲ್ಲೇ ಸರ್ಕಾರಕ್ಕಿದೆ. ನಗರಾಭಿವೃದ್ಧಿ ಪ್ರಾಧಿಕಾರದ ಅಧ್ಯಕ್ಷರನ್ನೂ 1987ರ ಕಾಯ್ದೆಯಡಿ ಸರ್ಕಾರವೇ ನೇಮಿಸುತ್ತದೆ. ದಿನನಿತ್ಯದ ಕೆಲಸ ಸಾಮಾನ್ಯವಾಗಿ ವ್ಯವಸ್ಥಾಪಕ ನಿರ್ದೇಶಕರದ್ದೋ ಆಯುಕ್ತರದ್ದೋ ಆಗಿರುತ್ತದೆ, ಅವರು ಅಧಿಕಾರಿಗಳು. ಅಧ್ಯಕ್ಷರಿಗೆ ಕಾರು, ಕಚೇರಿ, ಗೌರವಧನ, ಕೆಲವರಿಗೆ ಸಂಪುಟ ದರ್ಜೆ. ಜನ ಇದನ್ನು ಗಂಜಿ ಕೇಂದ್ರ ಎಂದು ಕರೆಯುವುದು ಸುಮ್ಮನೆ ಅಲ್ಲ.

ಶಾಸಕರಿಗೆ ಮಾತ್ರ ಒಂದು ತೊಡಕಿದೆ. ಲಾಭದಾಯಕ ಹುದ್ದೆ ಹಿಡಿದ ಶಾಸಕರು 191ನೇ ವಿಧಿಯಡಿ ಸದಸ್ಯತ್ವ ಕಳೆದುಕೊಳ್ಳಬಹುದು. ಉತ್ತರ ಪ್ರದೇಶದ ಚಲನಚಿತ್ರ ಅಭಿವೃದ್ಧಿ ಮಂಡಳಿಯ ಅಧ್ಯಕ್ಷೆಯಾಗಿದ್ದ ಕಾರಣಕ್ಕೆ ಜಯಾ ಬಚ್ಚನ್ 2006ರಲ್ಲಿ ರಾಜ್ಯಸಭಾ ಸ್ಥಾನ ಕಳೆದುಕೊಂಡರು. ಸಂಸದರಿಗೆ ಅನ್ವಯಿಸುವ 102ನೇ ವಿಧಿ ಹೇಳುವುದೂ ಇದನ್ನೇ. ಇದನ್ನು ತಪ್ಪಿಸಲು ರಾಜ್ಯಗಳು ವಿನಾಯಿತಿ ಕಾಯ್ದೆ ಮಾಡಿಕೊಂಡಿವೆ. ಕರ್ನಾಟಕದ್ದು 1956ರದು, ವಿನಾಯಿತಿ ಬೇಕಾದ ಹುದ್ದೆಗಳನ್ನು ಅದಕ್ಕೆ ಆಗಾಗ ಸೇರಿಸುತ್ತಲೇ ಬರಲಾಗಿದೆ.

ಮಾತು ಸಡಿಲ ಬಿಟ್ಟ ಹುದ್ದೆಗಳು

ಅರ್ಹತೆಯ ಜಗಳಕ್ಕೆ ನಿಜವಾದ ತೂಕ ಬರುವುದು ಇಲ್ಲಿ. ಆದರೆ ನಮ್ಮ ಚರ್ಚೆಯೆಲ್ಲ ನಿಗಮದ ಅಧ್ಯಕ್ಷರ ಕಾರಿನ ಸುತ್ತಲೇ ಮುಗಿದುಹೋಗುತ್ತದೆ. ಸರ್ಕಾರದ ಮೇಲೆ ಕಣ್ಣಿಡಬೇಕಾದವರನ್ನು, ಸರ್ಕಾರಕ್ಕೆ ನೌಕರರನ್ನು ಆರಿಸಿಕೊಡುವವರನ್ನು ಹೇಗೆ ನೇಮಿಸುತ್ತಾರೆ ಎಂದು ಕೇಳುವವರು ಕಡಿಮೆ.

ಮಾಲಿನ್ಯ ನಿಯಂತ್ರಣ ಮಂಡಳಿಯನ್ನೇ ನೋಡಿ. ಸಕ್ಕರೆ ಕಾರ್ಖಾನೆ, ಡಿಸ್ಟಿಲರಿಗಳಿಂದ ತುಂಬಿದ ಬೆಳಗಾವಿ, ಬಾಗಲಕೋಟೆ ಜಿಲ್ಲೆಗಳಲ್ಲಿ ಹಳ್ಳಕ್ಕೆ ಕಪ್ಪುನೀರು ಬಿಟ್ಟರೆ ನೋಟಿಸ್ ಕೊಡಬೇಕಾದದ್ದು ಈ ಮಂಡಳಿ. 1974ರ ಜಲ ಕಾಯ್ದೆಯ ನಾಲ್ಕನೇ ಸೆಕ್ಷನ್ ಪ್ರಕಾರ ಅಧ್ಯಕ್ಷರಿಗೆ ಪರಿಸರ ಸಂರಕ್ಷಣೆಯ ವಿಶೇಷ ತಿಳಿವಳಿಕೆಯೋ ಪ್ರಾಯೋಗಿಕ ಅನುಭವವೋ ಇರಬೇಕು. ಇಲ್ಲವೇ ಅಂಥ ಸಂಸ್ಥೆಗಳನ್ನು ನಡೆಸಿದ ಅನುಭವ ಇರಬೇಕು. ಓದಲು ಚೆನ್ನಾಗಿದೆ. ಆದರೆ ಎಷ್ಟು ವರ್ಷದ ಅನುಭವ, ಯಾವ ಪದವಿ, ಹೆಸರು ಹುಡುಕುವವರು ಯಾರು ಎಂಬುದು ಆ ಸೆಕ್ಷನ್‌ನಲ್ಲಿಲ್ಲ. ಗಿಡ ನೆಟ್ಟವರೂ ಪರಿಸರದ ಅನುಭವಿಗಳೇ ಎಂದು ವಾದಿಸಲು ಅಷ್ಟು ಜಾಗ ಸಾಕು. ಹಲವು ರಾಜ್ಯಗಳ ಇಂಥ ನೇಮಕಗಳು ಹಸಿರು ನ್ಯಾಯಮಂಡಳಿಯ ಮುಂದೆ ಹೋದವು. 2017ರ ಸೆಪ್ಟೆಂಬರ್‌ನಲ್ಲಿ ಸುಪ್ರೀಂ ಕೋರ್ಟ್, ನೇಮಕಗಳನ್ನು ಹೀಗೆ ಪರಿಶೀಲಿಸುವ ಅಧಿಕಾರ ನ್ಯಾಯಮಂಡಳಿಗಿಲ್ಲ ಎಂದು ಅದರ ಆದೇಶವನ್ನು ತೆಗೆದುಹಾಕಿತು. ಜೊತೆಗೇ, ಅರ್ಹತೆಯ ನಿಯಮಗಳನ್ನು ಆರು ತಿಂಗಳೊಳಗೆ ರೂಪಿಸಿ ಎಂದು ರಾಜ್ಯಗಳಿಗೆ ಸೂಚಿಸಿತು.

ಮಾಹಿತಿ ಆಯುಕ್ತರ ಹುದ್ದೆ ಇನ್ನೊಂದು. ಆಯೋಗದ ಪೀಠ ಬೆಳಗಾವಿಯಲ್ಲೂ ಇದೆ. ಪಂಚಾಯಿತಿ ಪಿಡಿಒ ಮಾಹಿತಿ ಕೊಡದಿದ್ದರೆ ನಿಮ್ಮ ಎರಡನೇ ಮೇಲ್ಮನವಿ ಹೋಗುವುದು ಆಯೋಗಕ್ಕೇ. ಮಾಹಿತಿ ಹಕ್ಕು ಕಾಯ್ದೆ ಆಯುಕ್ತರು ಸಾರ್ವಜನಿಕ ಜೀವನದಲ್ಲಿ ಗಣ್ಯರಾಗಿರಬೇಕು ಎನ್ನುತ್ತದೆ. ಕಾನೂನು, ವಿಜ್ಞಾನ, ಸಮಾಜಸೇವೆ, ಪತ್ರಿಕೋದ್ಯಮ, ಆಡಳಿತ ಮುಂತಾದ ಯಾವುದಾದರೊಂದು ಕ್ಷೇತ್ರದಲ್ಲಿ ವಿಶಾಲ ಅನುಭವ ಇರಬೇಕು ಎನ್ನುತ್ತದೆ. ಅಧಿಕಾರದಲ್ಲಿರುವಾಗ ಶಾಸಕ, ಸಂಸದರಾಗಿರುವಂತಿಲ್ಲ, ಪಕ್ಷದ ನಂಟೂ ಇರುವಂತಿಲ್ಲ. ಹೆಸರು ಆರಿಸುವ ಸಮಿತಿಯಲ್ಲಿ ಮೂವರು: ಮುಖ್ಯಮಂತ್ರಿ, ಅವರೇ ಸೂಚಿಸುವ ಒಬ್ಬ ಮಂತ್ರಿ, ವಿರೋಧ ಪಕ್ಷದ ನಾಯಕ. ಮತಕ್ಕೆ ಹಾಕಿದರೆ ಫಲಿತಾಂಶ ಮೊದಲೇ ಗೊತ್ತು. 2019ರಲ್ಲಿ ಸುಪ್ರೀಂ ಕೋರ್ಟ್, ಆಯ್ಕೆಯ ವಿಧಾನವನ್ನೂ ಅಭ್ಯರ್ಥಿಗಳ ಹೆಸರನ್ನೂ ವೆಬ್‌ಸೈಟಿನಲ್ಲಿ ಹಾಕಬೇಕೆಂದು ಹೇಳಿತು. ನಿವೃತ್ತ ಅಧಿಕಾರಿಗಳನ್ನೇ ತುಂಬಬೇಡಿ, ಬೇರೆ ಕ್ಷೇತ್ರದವರನ್ನೂ ನೋಡಿ ಎಂಬ ಮಾತೂ ಆ ತೀರ್ಪಿನಲ್ಲಿದೆ.

ಇನ್ನು ಕೆಪಿಎಸ್‌ಸಿ, ಅಂದರೆ ಕರ್ನಾಟಕ ಲೋಕಸೇವಾ ಆಯೋಗ. ವಿಜಯಪುರದಲ್ಲಿ ಕೋಚಿಂಗ್ ಸೆಂಟರ್‌ಗಳ ಸುತ್ತ ರೂಮು ಹಿಡಿದು, ಮನೆಯಿಂದ ಬುತ್ತಿ ತರಿಸಿಕೊಂಡು ವರ್ಷಗಟ್ಟಲೆ ಓದುವ ಹುಡುಗ-ಹುಡುಗಿಯರಿಗೆ ಆ ಹೆಸರು ಬಾಯಿಪಾಠ. ಅವರ ಅರ್ಹತೆ ತೂಗುವ ಸದಸ್ಯರಿಗೆ ಸಂವಿಧಾನ ಇಟ್ಟ ಅರ್ಹತೆ ಏನು? 316ನೇ ವಿಧಿಯಲ್ಲಿ ಪದವಿಯ ಮಾತೇ ಇಲ್ಲ. ಸಾಧ್ಯವಾದಷ್ಟು ಮಟ್ಟಿಗೆ ಅರ್ಧದಷ್ಟು ಸದಸ್ಯರಿಗೆ ಕನಿಷ್ಠ 10 ವರ್ಷ ಸರ್ಕಾರಿ ಸೇವೆಯ ಅನುಭವ ಇರಬೇಕು. ಉಳಿದರ್ಧಕ್ಕೆ ಏನೂ ಹೇಳಿಲ್ಲ. ನೇಮಿಸುವವರು ರಾಜ್ಯಪಾಲರು, ಸಲಹೆ ಸರ್ಕಾರದ್ದು. ಅವಧಿ ಆರು ವರ್ಷ ಅಥವಾ ವಯಸ್ಸು 62, ಯಾವುದು ಮೊದಲೋ ಅದು.

ಆದರೆ ತೆಗೆಯುವುದು ಬಹಳ ಕಷ್ಟ. ದುರ್ನಡತೆಯ ಆರೋಪವಿದ್ದರೆ ರಾಷ್ಟ್ರಪತಿಗಳು ಸುಪ್ರೀಂ ಕೋರ್ಟಿನ ವಿಚಾರಣೆಗೆ ಕಳಿಸಿ, ಅದು ಒಪ್ಪಿದ ಮೇಲೆ ಮಾತ್ರ ತೆಗೆಯಬಹುದು. ಸದಸ್ಯರು ಸರ್ಕಾರಕ್ಕೆ ಹೆದರಬಾರದೆಂದು ಕೊಟ್ಟ ರಕ್ಷಣೆ ಇದು. ಒಳಬರುವ ಬಾಗಿಲು ಅಗಲ, ಹೊರಹಾಕುವ ಬಾಗಿಲು ಇಕ್ಕಟ್ಟು. ಹಾಗಾಗಿ ನೇಮಕದ ದಿನದ ತಪ್ಪು ಆರು ವರ್ಷ ಉಳಿಯುತ್ತದೆ. 2011ನೇ ಸಾಲಿನ 362 ಗೆಜೆಟೆಡ್ ಪ್ರೊಬೇಷನರ್ ಹುದ್ದೆಗಳ ಆಯ್ಕೆಯಲ್ಲಿ ಅಕ್ರಮದ ಆರೋಪ ಬಂದು 2013ರಲ್ಲಿ ಸಿಐಡಿ ತನಿಖೆಯಾಯಿತು. 2014ರಲ್ಲಿ ಸರ್ಕಾರ ಪಟ್ಟಿಯನ್ನೇ ಹಿಂಪಡೆಯಿತು. ಕೋರ್ಟುಗಳ ಓಡಾಟ ಮುಗಿದು, 2022ರಲ್ಲಿ ವಿಧಾನಮಂಡಲ ಬೇರೆ ಕಾಯ್ದೆಯನ್ನೇ ಮಾಡಿ ಆ ಆಯ್ಕೆಗೆ ಮಾನ್ಯತೆ ಕೊಟ್ಟಿತು. ಅರ್ಜಿ ಹಾಕಿದ ಹುಡುಗನಿಗೆ ಅಷ್ಟರಲ್ಲಿ ಹನ್ನೊಂದು ವರ್ಷ ಹೆಚ್ಚಾಗಿತ್ತು.

ಕುಲಪತಿ: ನಿಯಮ ಬಿಗಿ, ದಾರಿ ಬಳಸು

ಬೆಳಗಾವಿ, ಬಾಗಲಕೋಟೆ, ವಿಜಯಪುರ ಈ ಮೂರು ಜಿಲ್ಲೆಗಳಲ್ಲಿ ವಿಶ್ವವಿದ್ಯಾಲಯಗಳಿಗೆ ಬರವಿಲ್ಲ. ಬೆಳಗಾವಿಯಲ್ಲಿ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ (ವಿಟಿಯು) ಮತ್ತು ರಾಣಿ ಚನ್ನಮ್ಮ ವಿಶ್ವವಿದ್ಯಾಲಯ, ಬಾಗಲಕೋಟೆಯಲ್ಲಿ ತೋಟಗಾರಿಕೆ ವಿಜ್ಞಾನಗಳ ವಿಶ್ವವಿದ್ಯಾಲಯ, ವಿಜಯಪುರದಲ್ಲಿ ಅಕ್ಕಮಹಾದೇವಿ ಮಹಿಳಾ ವಿಶ್ವವಿದ್ಯಾಲಯ. ಹಾಗಾಗಿ ಕುಲಪತಿ ನೇಮಕ ಇಲ್ಲಿ ಆಗಾಗ ಸುದ್ದಿಯಾಗುತ್ತದೆ.

ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) 2018ರ ನಿಯಮದಂತೆ ಕುಲಪತಿಯಾಗುವವರಿಗೆ ಪ್ರಾಧ್ಯಾಪಕರಾಗಿ ಕನಿಷ್ಠ 10 ವರ್ಷದ ಅನುಭವ ಬೇಕು, ಇಲ್ಲವೇ ಹೆಸರುವಾಸಿ ಸಂಶೋಧನಾ ಅಥವಾ ಶೈಕ್ಷಣಿಕ ಸಂಸ್ಥೆಯಲ್ಲಿ ಅಷ್ಟೇ ವರ್ಷದ ಅನುಭವ ಬೇಕು. ರಾಜ್ಯದ 2000ದ ವಿಶ್ವವಿದ್ಯಾಲಯ ಕಾಯ್ದೆಯ ಪ್ರಕಾರ ಶೋಧನಾ ಸಮಿತಿಯಲ್ಲಿ ಕುಲಾಧಿಪತಿ, ಯುಜಿಸಿ, ರಾಜ್ಯ ಸರ್ಕಾರ ಮತ್ತು ಸಿಂಡಿಕೇಟ್ (ವಿಶ್ವವಿದ್ಯಾಲಯದ ಆಡಳಿತ ಮಂಡಳಿ) ಸೂಚಿಸಿದ ಒಬ್ಬೊಬ್ಬರಿರುತ್ತಾರೆ. ಸಮಿತಿ ಮೂರು ಹೆಸರು ಕೊಡಬೇಕು, ಅದೂ ಅಕ್ಷರಾನುಕ್ರಮದಲ್ಲಿ. ಯಾರು ಮೊದಲು, ಯಾರು ಎರಡನೆಯವರು ಎಂದು ಸಮಿತಿ ಹೇಳುವುದಿಲ್ಲ. ಆ ಮೂವರಲ್ಲಿ ಒಬ್ಬರನ್ನು ಕುಲಾಧಿಪತಿಗಳಾದ ರಾಜ್ಯಪಾಲರು ಸರ್ಕಾರದ ಸಹಮತಿಯೊಂದಿಗೆ ನೇಮಿಸುತ್ತಾರೆ.

ನಿಯಮ ಇಷ್ಟು ಬಿಗಿಯಾಗಿರುವುದರಿಂದ ಒತ್ತಡ ಬೇರೆ ಕಡೆ ಬೀಳುತ್ತದೆ. ಮೂವರಿಗೂ ಅರ್ಹತೆ ಇದ್ದೇ ಇರುತ್ತದೆ, ಓಡಾಟ ನಡೆಯುವುದು ಪಟ್ಟಿಯೊಳಗೆ ಬರಲು ಮತ್ತು ಬಂದ ಮೇಲೆ ಸಹಮತಿ ಗಿಟ್ಟಿಸಲು. ರಾಜಭವನ, ಸರ್ಕಾರ ಒಮ್ಮತಕ್ಕೆ ಬಾರದಿದ್ದರೆ ಪ್ರಭಾರಿ ಕುಲಪತಿಯೇ ತಿಂಗಳುಗಟ್ಟಲೆ ಮುಂದುವರಿಯುತ್ತಾರೆ. ನನ್ನ ದೃಷ್ಟಿಯಲ್ಲಿ ವಿದ್ಯಾರ್ಥಿಗಳಿಗೆ ನೇರ ಪೆಟ್ಟು ಕೊಡುವುದು ಅನರ್ಹರ ನೇಮಕಕ್ಕಿಂತ ಹೆಚ್ಚಾಗಿ ಈ ಖಾಲಿ ಕುರ್ಚಿ.

ವಿಧಾನ ತಪ್ಪಿದರೆ ಏನಾಗುತ್ತದೆ ಎಂಬುದಕ್ಕೆ 2022 ಒಳ್ಳೆಯ ಉದಾಹರಣೆ. ಗುಜರಾತಿನ ಸರ್ದಾರ್ ಪಟೇಲ್ ವಿಶ್ವವಿದ್ಯಾಲಯದ ಕುಲಪತಿ ನೇಮಕ ಯುಜಿಸಿ ನಿಯಮಕ್ಕೆ ವಿರುದ್ಧವಾಗಿದೆಯೆಂದು ಸುಪ್ರೀಂ ಕೋರ್ಟ್ ಆ ವರ್ಷ ರದ್ದು ಮಾಡಿತು. ಅಕ್ಟೋಬರ್‌ನಲ್ಲಿ ಕೇರಳದ ಅಬ್ದುಲ್ ಕಲಾಂ ತಾಂತ್ರಿಕ ವಿಶ್ವವಿದ್ಯಾಲಯದ ಸರದಿ. ಅಲ್ಲಿ ಸಮಿತಿ ಪಟ್ಟಿಯ ಬದಲು ಒಂದೇ ಹೆಸರು ಕಳಿಸಿತ್ತು. 2025ರ ಜನವರಿಯಲ್ಲಿ ಯುಜಿಸಿ ಹೊಸ ಕರಡು ತಂದು, ಉದ್ಯಮ, ಸಾರ್ವಜನಿಕ ಆಡಳಿತದಂಥ ಕ್ಷೇತ್ರದವರೂ ಕುಲಪತಿಯಾಗಬಹುದೆಂದು ಸೂಚಿಸಿತು. ಶೋಧನಾ ಸಮಿತಿಯಲ್ಲಿ ರಾಜ್ಯಗಳ ಪಾಲು ಇಲ್ಲವಾಗುತ್ತದೆಂದು ಕರ್ನಾಟಕವೂ ಸೇರಿ ಹಲವು ರಾಜ್ಯಗಳು ಇದನ್ನು ವಿರೋಧಿಸಿದವು.

"ನಮ್ಮ ಭಾಗಕ್ಕ ಒಂದು" ಎಂಬ ಮಾತು

ಮೊದಲ ಮಾತನ್ನೂ ತಳ್ಳಿಹಾಕುವಂತಿಲ್ಲ. ಪ್ರಾದೇಶಿಕ ಅಸಮತೋಲನ ಅಧ್ಯಯನ ಮಾಡಿದ ನಂಜುಂಡಪ್ಪ ಸಮಿತಿ 2002ರಲ್ಲಿ ರಾಜ್ಯದ 175 ತಾಲ್ಲೂಕುಗಳ ಪೈಕಿ 114 ಹಿಂದುಳಿದಿವೆ ಎಂದು ಗುರುತಿಸಿತ್ತು. ಉತ್ತರ ಕರ್ನಾಟಕದ ಪಾಲು ಅದರಲ್ಲಿ ದೊಡ್ಡದು. ನಿರ್ಧಾರ ಮಾಡುವ ಕುರ್ಚಿಗಳಲ್ಲಿ ಈ ಕಡೆಯವರು, ಹಿಂದುಳಿದವರು, ಮಹಿಳೆಯರು ಇರಬೇಕೆಂಬುದು ಅರ್ಹತೆಗೆ ವಿರುದ್ಧವಾದ ಬೇಡಿಕೆ ಅಲ್ಲ. ಕುಲಪತಿ ನೇಮಕದ ಸೆಕ್ಷನ್ನೇ ಅರ್ಹತೆ, ಸಮಾನತೆ, ಸಾಮಾಜಿಕ ನ್ಯಾಯ ಮೂರನ್ನೂ ಗಮನದಲ್ಲಿಡಿ ಎನ್ನುತ್ತದೆ.

ವ್ಯತ್ಯಾಸ ಇರುವುದು ಹುಡುಕುವ ರೀತಿಯಲ್ಲಿ. ಪ್ರಾತಿನಿಧ್ಯಕ್ಕಾಗಿ ಹುಡುಕುವವರು ಅರ್ಜಿ ಕರೆದು, ಇಂಡಿಯಿಂದ ಅಥಣಿಯವರೆಗೆ ಯಾರಿದ್ದಾರೆ ಎಂದು ನೋಡುತ್ತಾರೆ. ವಶೀಲಿಯಲ್ಲಿ ಹೆಸರು ಮೊದಲೇ ಇರುತ್ತದೆ. ಭಾಗ, ಜಾತಿ, ಸಮುದಾಯದ ಕಾರಣ ಆಮೇಲೆ ಅಂಟಿಕೊಳ್ಳುತ್ತದೆ.

ಕೋರ್ಟ್ ಎಲ್ಲಿ ಕೈ ಹಾಕುತ್ತದೆ

ಯಾವ ಅಧಿಕಾರದ ಮೇಲೆ ಈ ಕುರ್ಚಿಯಲ್ಲಿ ಕೂತಿದ್ದೀರಿ ಎಂದು ಹೈಕೋರ್ಟ್ ಮೂಲಕ ಕೇಳುವ ರಿಟ್ ಒಂದಿದೆ, ಕೋ ವಾರಂಟೋ. ಹುದ್ದೆಗೆ ತಾನೂ ಅರ್ಜಿ ಹಾಕಿರಬೇಕೆಂದಿಲ್ಲ, ಯಾವ ನಾಗರಿಕನಾದರೂ ಕೇಳಬಹುದು. ಆದರೆ ಅದಕ್ಕೆ ಮಿತಿ ಇದೆ. ಬೆಂಗಳೂರು ಬಿಟ್ಟು ಉಳಿದ ಪಟ್ಟಣಗಳಿಗೆ ನೀರಿನ ಯೋಜನೆ ಮಾಡುವ ಕರ್ನಾಟಕ ನಗರ ನೀರು ಸರಬರಾಜು ಮತ್ತು ಒಳಚರಂಡಿ ಮಂಡಳಿಯ ವ್ಯವಸ್ಥಾಪಕ ನಿರ್ದೇಶಕರ ನೇಮಕವನ್ನು ನೌಕರರ ಸಂಘ ಪ್ರಶ್ನಿಸಿತ್ತು. ಹೈಕೋರ್ಟ್ ನೇಮಕ ರದ್ದು ಮಾಡಿತು. 2006ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ತಿರುಗಿಸಿತು. ಕಾನೂನಿನ ನಿಯಮ ಮುರಿದಿದ್ದರೆ ಮಾತ್ರ ಈ ರಿಟ್. ವ್ಯಕ್ತಿ ಎಷ್ಟು ಸೂಕ್ತ ಎಂದು ಅಳೆಯುವುದು ನೇಮಿಸುವವರ ಕೆಲಸ ಎಂದಿತು. ಅರ್ಹತೆಗೂ ಯೋಗ್ಯತೆಗೂ ನಡುವಿನ ಗೆರೆ ಇದೇ.

ಆ ಗೆರೆ ಆಮೇಲೆ ಸ್ವಲ್ಪ ಸರಿದಿದೆ. 2011ರ ಮಾರ್ಚ್‌ನಲ್ಲಿ ಕೇಂದ್ರ ಜಾಗೃತ ಆಯುಕ್ತ ಪಿ.ಜೆ. ಥಾಮಸ್ ಅವರ ನೇಮಕ ರದ್ದಾಯಿತು. ಅವರಿಗೆ ಸೇವಾ ಅನುಭವ ಇರಲಿಲ್ಲ ಎಂದಲ್ಲ. ಕೇರಳದ ಪಾಮೋಲಿನ್ ಎಣ್ಣೆ ಆಮದಿನ ಪ್ರಕರಣದಲ್ಲಿ ಅವರ ಮೇಲಿದ್ದ ಆರೋಪಪಟ್ಟಿಯನ್ನು ಆಯ್ಕೆ ಸಮಿತಿ ಗಣನೆಗೇ ತೆಗೆದುಕೊಂಡಿರಲಿಲ್ಲ. 2013ರಲ್ಲಿ ಪಂಜಾಬ್ ಲೋಕಸೇವಾ ಆಯೋಗದ ಅಧ್ಯಕ್ಷರ ಪ್ರಕರಣದಲ್ಲಿ ಕೋರ್ಟ್ ಇನ್ನೂ ಮುಂದೆ ಹೋಯಿತು. ಸಂವಿಧಾನದಲ್ಲಿ ಅರ್ಹತೆ ಬರೆದಿಲ್ಲ ಎಂದರೆ ಯಾರನ್ನಾದರೂ ಕೂರಿಸಬಹುದೆಂದು ಅರ್ಥವಲ್ಲ; ಸಾಮರ್ಥ್ಯ ಮತ್ತು ಪ್ರಾಮಾಣಿಕತೆಯನ್ನು ದಾಖಲೆ ನೋಡಿ ತೀರ್ಮಾನಿಸಿರಬೇಕು ಎಂದು ಹೇಳಿ, ನೇಮಕ ರದ್ದತಿಯನ್ನು ಎತ್ತಿಹಿಡಿಯಿತು. ಅದೇ ವರ್ಷ ಜನವರಿಯಲ್ಲಿ ನಮ್ಮ ರಾಜ್ಯದ ಉಪಲೋಕಾಯುಕ್ತರ ನೇಮಕವೂ ಬಿದ್ದಿತು. ಅಲ್ಲಿ ವ್ಯಕ್ತಿಯ ಯೋಗ್ಯತೆಯ ಪ್ರಶ್ನೆಯೇ ಇರಲಿಲ್ಲ. ಹೈಕೋರ್ಟ್ ಮುಖ್ಯ ನ್ಯಾಯಮೂರ್ತಿಗಳ ಜೊತೆ ಸಮಾಲೋಚಿಸದೆ ಹೆಸರು ಕಳಿಸಿದ್ದರು.

ಒಂದು ನೇಮಕವನ್ನು ನೀವೇ ನೋಡಬೇಕೆಂದರೆ

ರಾಜ್ಯಪತ್ರದ ಅಧಿಸೂಚನೆಯಲ್ಲಿ ಯಾವ ಕಾಯ್ದೆ, ಯಾವ ಸೆಕ್ಷನ್ ಎಂದು ಬರೆದಿರುತ್ತದೆ. ಮೊದಲು ಆ ಸೆಕ್ಷನ್ ಓದಿ. ಅದರಲ್ಲಿ ಅರ್ಹತೆಯ ಮಾತೇ ಇಲ್ಲದಿದ್ದರೆ ನಿಮ್ಮ ತಕರಾರು ಹೆಚ್ಚಾಗಿ ಶಾಸಕರ ಬಳಿ ಹೇಳುವಂಥದ್ದು, ಕೋರ್ಟಿನಲ್ಲಿ ನಿಲ್ಲುವುದು ಕಷ್ಟ. ಇದ್ದರೆ, ಆಯ್ಕೆ ಸಮಿತಿಯ ನಡಾವಳಿ ಮತ್ತು ನೇಮಕವಾದವರ ಸ್ವವಿವರದ ಪ್ರತಿ ಕೇಳಿ ಸಂಬಂಧಪಟ್ಟ ಇಲಾಖೆಗೆ 10 ರೂಪಾಯಿ ಶುಲ್ಕದ ಮಾಹಿತಿ ಹಕ್ಕು ಅರ್ಜಿ ಹಾಕಬಹುದು. ಕರ್ನಾಟಕದ ನಿಯಮದಂತೆ ಅರ್ಜಿ ಒಂದೇ ವಿಷಯದ್ದಾಗಿರಬೇಕು, 150 ಪದ ದಾಟಬಾರದು. ಉತ್ತರಕ್ಕೆ 30 ದಿನ.

ರಿಟ್ ಹಾಕುವುದಾದರೆ ಬೆಳಗಾವಿ, ಬಾಗಲಕೋಟೆಯವರು ಧಾರವಾಡದ ಹೈಕೋರ್ಟ್ ಪೀಠಕ್ಕೆ ಹೋಗಬೇಕು. ವಿಜಯಪುರ ಜಿಲ್ಲೆ ಕಲಬುರಗಿ ಪೀಠದ ವ್ಯಾಪ್ತಿಯದು.

ವಿದ್ಯಾರ್ಥಿಗಳು ಹೆದರಿ ಕೇಳುವ ಪ್ರಶ್ನೆ ಒಂದುಂಟು: ಕುಲಪತಿಯ ನೇಮಕವೇ ರದ್ದಾದರೆ ಅವರ ಸಹಿ ಇರುವ ನಮ್ಮ ಪ್ರಮಾಣಪತ್ರದ ಗತಿ ಏನು? ಏನೂ ಆಗುವುದಿಲ್ಲ. ನೇಮಕದಲ್ಲಿ ದೋಷವಿದ್ದರೂ, ಆ ಹುದ್ದೆಯಲ್ಲಿದ್ದುಕೊಂಡು ಮಾಡಿದ ಕೆಲಸ ಜನರ ಮಟ್ಟಿಗೆ ಊರ್ಜಿತ ಎಂದು ಸುಪ್ರೀಂ ಕೋರ್ಟ್ 1981ರಲ್ಲೇ ಹೇಳಿದೆ. ನೇಮಕ ಅನೂರ್ಜಿತವಾದ ನ್ಯಾಯಾಧೀಶರು ಕೊಟ್ಟಿದ್ದ ತೀರ್ಪುಗಳು ಉಳಿಯುತ್ತವೆಯೇ ಎಂಬ ಪ್ರಶ್ನೆ ಆಂಧ್ರದಿಂದ ಬಂದಿತ್ತು. ತೀರ್ಪುಗಳು ಉಳಿದವು.